ಕಾಗದದಲ್ಲಿ 1974, ಬಾಡಿ ಫೈಬರ್: ನನ್ನ ಹಳೆ ಜೀಪ್ ಯಾವ ವರ್ಷದ್ದು, ರಿಪೇರಿ ಎಲ್ಲಿಂದ ಶುರು ಮಾಡಲಿ?

ನಿಮ್ಮ ಪ್ರಶ್ನೆ ಓದಿ ನಗು ಬಂತು. ಆರು ವರ್ಷದ ಹಿಂದೆ ನಾನೂ ಇದೇ ಪಾಡಿನಲ್ಲಿದ್ದೆ. ಮಿಷಿಗನ್‌ನ ಒಂದು ಫಾರ್ಮಿನ ಕೊಟ್ಟಿಗೆಯಿಂದ ಜೀಪ್ ತಂದಿದ್ದೀರಿ. ಕಾಗದದಲ್ಲಿ 1974ರ ಸಿಜೆ-5 (ಜೀಪಿನ ಒಂದು ಮಾಡೆಲ್) ಅಂತಿದೆ. ಬಾಡಿಯ ಮೇಲೆ ಮ್ಯಾಗ್ನೆಟ್ ಅಂಟುವುದಿಲ್ಲ, ತಟ್ಟಿದರೆ ಪ್ಲಾಸ್ಟಿಕ್ ಬಕೆಟ್ ತಟ್ಟಿದ ಸದ್ದು. ಮಾರಿದವರಿಗೂ ಹೆಚ್ಚೇನೂ ಗೊತ್ತಿಲ್ಲ. ನಾನಿರುವುದು ಪಕ್ಕದ ಓಹಾಯೋದಲ್ಲಿ, ನನ್ನದೂ ಫೈಬರ್ ಬಾಡಿಯ ಸಿಜೆ-5.

ಮೊದಲನೆಯದಾಗಿ, ಮೋಸ ಹೋದೆ ಅಂತ ಅಂದುಕೊಳ್ಳಬೇಡಿ. ಈ ಕಡೆ ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಹಾಕುತ್ತಾರಲ್ಲ, ಅದು ಜೀಪಿನ ನೆಲವನ್ನೂ ಪಕ್ಕದ ತಗಡನ್ನೂ ತಿಂದುಬಿಡುತ್ತದೆ. ಚಾಸಿ (ಬಾಡಿ ಕೂರುವ ಕೆಳಗಿನ ಉಕ್ಕಿನ ಚೌಕಟ್ಟು), ಎಂಜಿನ್ ಇನ್ನೂ ಗಟ್ಟಿ ಇರುತ್ತವೆ. ಹಾಗಾಗಿ ತುಕ್ಕು ಹಿಡಿದ ಬಾಡಿ ಎತ್ತಿ ಬಿಸಾಕಿ, ಅದೇ ಚಾಸಿಯ ಮೇಲೆ ಫೈಬರ್ ಗ್ಲಾಸ್ ಬಾಡಿ ಕೂರಿಸುವವರು ತುಂಬಾ ಜನ. ತೊಂದರೆ ಒಂದೇ. ಅಂಗಿ ನೋಡಿ ಮನುಷ್ಯನ ವಯಸ್ಸು ಹೇಳೋಕಾಗಲ್ಲ ಅಲ್ವಾ, ಇದೂ ಹಾಗೇ. ಬಾನೆಟ್, ಗ್ರಿಲ್, ಡ್ಯಾಶ್‌ಬೋರ್ಡ್ ಯಾವುದನ್ನೂ ನಂಬಬೇಡಿ. ನಂಬರ್ ಕೊರೆದ ಪುಟ್ಟ ತಗಡನ್ನೂ ಹಳೆ ಬಾಡಿಯಿಂದ ಕಿತ್ತು ಹೊಸದಕ್ಕೆ ರಿವೆಟ್ ಹೊಡೆದಿರಬಹುದು. ಬೇರೆ ಜೀಪಿನದೂ ಆಗಿರಬಹುದು.

ಆದ್ದರಿಂದ ಒಂದು ರಟ್ಟು ಹಾಸಿಕೊಂಡು ಕೆಳಗೆ ಮಲಗಿ.

ಸಿಜೆ-5 ಇತಿಹಾಸದಲ್ಲಿ ದೊಡ್ಡ ಗೆರೆ ಬೀಳುವುದು 1972ಕ್ಕೆ. ಕೈಸರ್ ಕಂಪನಿಯ ಜೀಪ್ ವ್ಯವಹಾರವನ್ನು ಎಎಂಸಿ (ಅಮೆರಿಕನ್ ಮೋಟಾರ್ಸ್ ಕಂಪನಿ) 1970ರಲ್ಲಿ ಕೊಂಡಿತು. ತನ್ನ ಉದ್ದನೆಯ ಆರು ಸಿಲಿಂಡರ್ ಎಂಜಿನ್ ಹಿಡಿಸಬೇಕು ಅಂತ 1972ರ ಮಾಡೆಲ್‌ನಿಂದ ಜೀಪಿನ ಮೂತಿಯನ್ನೇ ಎಳೆದು ಉದ್ದ ಮಾಡಿತು. ಚಕ್ರ ನೇರ ಇಟ್ಟು, ಮುಂದಿನ ಹಬ್‌ನ (ಚಕ್ರದ ನಡುವಿನ ಗುಬ್ಬಿ) ಮಧ್ಯದಿಂದ ಹಿಂದಿನ ಹಬ್‌ನ ಮಧ್ಯಕ್ಕೆ ಟೇಪ್ ಹಿಡಿಯಿರಿ. 81 ಇಂಚು ಬಂದರೆ 1971 ಅಥವಾ ಅದಕ್ಕಿಂತ ಹಳೆಯದು. 84 ಇಂಚಿನ ಹತ್ತಿರ ಬಂದರೆ 1972 ಅಥವಾ ಅದರ ನಂತರದ್ದು. 93 ಇಂಚಿನ ಆಸುಪಾಸು ಬಂದರೆ ಅದು ಸಿಜೆ-5 ಅಲ್ಲವೇ ಅಲ್ಲ, 1976ರಲ್ಲಿ ಬಂದ ಸಿಜೆ-7 ಚಾಸಿ ಇರಬೇಕು.

ಅಳತೆ ಒಂದೇ ಸಾಲದು, ಸಾಕ್ಷಿಗೆ ಇನ್ನೆರಡು ನೋಡಿ. ಹಿಂದಿನ ಆಕ್ಸಲ್‌ನಲ್ಲಿ ಕ್ರೌನ್ (ಚಕ್ರಗಳನ್ನು ತಿರುಗಿಸುವ ದೊಡ್ಡ ಗಿಯರ್) ಕೂತ ಗುಂಡು ಭಾಗ ಬಲಗಡೆಗೆ ಸರಿದಿದೆಯಾ? ಸರಿದಿದ್ದರೆ ಅದು ಡಾನಾ 18 ಅನ್ನುವ ಟ್ರಾನ್ಸ್‌ಫರ್ ಕೇಸ್‌ಗೆ (ಎಂಜಿನ್ ಶಕ್ತಿಯನ್ನು ಮುಂದಿನ, ಹಿಂದಿನ ಆಕ್ಸಲ್‌ಗೆ ಹಂಚುವ ಪೆಟ್ಟಿಗೆ) ಜೋಡಿಯಾದ ಹಳೆ ಆಕ್ಸಲ್. 1972ರಿಂದ ಡಾನಾ 20 ಬಂತು, ಹಿಂದಿನ ಗುಂಡು ಮಧ್ಯಕ್ಕೆ ಬಂತು. ಆಮೇಲೆ ಮುಂದಿನ ಚಕ್ರದ ಹಿಂದೆ ಇಣುಕಿ. ಆಕ್ಸಲ್ ತುದಿಯಲ್ಲಿ ನುಣುಪಾದ ದೊಡ್ಡ ಕಬ್ಬಿಣದ ಬಾಲ್, ಅದರ ಮೇಲೆ ಗ್ರೀಸಿನ ಕೊಳೆ ಇದ್ದರೆ ಹಳೆ ಕಾಲದ್ದು. ಊರಲ್ಲಿ ಕಾಫಿ ತೋಟದ ಮಹೀಂದ್ರಾ ಜೀಪ್ ನೋಡಿದ್ದರೆ ಥಟ್ಟನೆ ಗುರುತು ಸಿಗುತ್ತದೆ. ಅದೂ ಇದೇ ವಿಲ್ಲಿಸ್ (ಮೊದಲು ಜೀಪ್ ಮಾಡಿದ ಕಂಪನಿಗಳಲ್ಲೊಂದು) ವಂಶದ್ದೇ. ಸಕಲೇಶಪುರದ ಕಡೆ ನಮ್ಮ ಮಾವನ ಜೀಪಿನಲ್ಲಿ ಆ ಬಾಲ್‌ನಿಂದ ಎಣ್ಣೆ ಸೋರದ ದಿನವೇ ಇರಲಿಲ್ಲ. ಓಹಾಯೋದಲ್ಲಿ ಅದೇ ಬಾಲ್ ಕಂಡಾಗ ನನಗೆ ನೆಂಟರು ಸಿಕ್ಕ ಹಾಗಾಯಿತು.

ನನ್ನ ಜೀಪಿನ ಕಾಗದದಲ್ಲಿ 1973 ಅಂತಿತ್ತು. ಟೇಪ್ 81 ತೋರಿಸಿತು, ಗುಂಡು ಬಲಕ್ಕಿತ್ತು, ಬಾಲ್ ಇತ್ತು. ಯಾರೋ ಎರಡು ಜೀಪ್ ಸೇರಿಸಿ ಒಂದು ಮಾಡಿದ್ದರು, ಕಾಗದ ಮಾತ್ರ ಹೊಸದರದ್ದು. ನಿಮ್ಮದೂ ಹಾಗೇ ಆದರೆ ಬಿಡಿಭಾಗಕ್ಕೆ ಒಂದು ಡಾಲರ್ ಖರ್ಚು ಮಾಡುವ ಮುಂಚೆ ನಿಮ್ಮ ರಾಜ್ಯದ ವಾಹನ ಕಚೇರಿಗೆ ಹೋಗಿ ಕೇಳಿ. ನಂಬರ್ ತಗಡನ್ನು ನೀವೇ ಕಿತ್ತು ಬದಲಾಯಿಸುವ ಸಾಹಸ ಬೇಡ, ಇಲ್ಲಿ ಅದು ಅಪರಾಧವಾಗಬಹುದು.

ಎಂಜಿನ್ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ, ಅದನ್ನು ಯಾರು ಬೇಕಾದರೂ ಬದಲಾಯಿಸಿರುತ್ತಾರೆ. ನಾಲ್ಕು ಸಿಲಿಂಡರ್ ಇದ್ದು ಕಾರ್ಬುರೇಟರ್ ಹೆಡ್‌ನ ಮೇಲೇ ಕೂತಿದ್ದರೆ ಅದು ಹರಿಕೇನ್ ಅನ್ನುವ ಹಳೆ ಜೀಪ್ ಎಂಜಿನ್. ವಿ6 ಇದ್ದರೆ ಬ್ಯೂಕ್ ಕಂಪನಿಯ 225 ಕ್ಯೂಬಿಕ್ ಇಂಚಿನದು, ಜೀಪಿನಲ್ಲಿ ಅದರ ಹೆಸರು ಡಾಂಟ್‌ಲೆಸ್. ಐಡಲ್‌ನಲ್ಲಿ ಗಡಗಡ ಅಂದರೆ ಗಾಬರಿ ಬೇಡ, ಅದರಲ್ಲಿ ಒಂದು ಸಿಲಿಂಡರ್ ಉರಿದು ಇನ್ನೊಂದು ಉರಿಯುವ ಅಂತರವೇ ಏರುಪೇರು, ಹುಟ್ಟುಗುಣ.

ಈಗ ರಿಪೇರಿ. ಇಲ್ಲಿ ನಾನು ಮಾಡಿದ ದಡ್ಡತನ ಹೇಳಿಬಿಡುತ್ತೇನೆ. ಹೊಸ ಲೈಟು, ಹೊಸ ವೈರಿಂಗ್ ಎಲ್ಲ ಹಾಕಿದೆ. ಬ್ರೇಕ್ ತುಳಿದರೆ ಇಂಡಿಕೇಟರ್ ಮಿಣುಕುತ್ತದೆ, ಹೆಡ್‌ಲೈಟ್ ಹಾಕಿದರೆ ಪೆಟ್ರೋಲ್ ಮುಳ್ಳು ಕುಣಿಯುತ್ತದೆ. ಮೂರು ವಾರಾಂತ್ಯ ಹಾಳಾಯಿತು. ಕಾರಣ ಇಷ್ಟೇ: ಕಬ್ಬಿಣದ ಜೀಪಿನಲ್ಲಿ ಬಾಡಿಯೇ ಅರ್ಥ್ ವೈರ್. ಫೈಬರ್‌ನಲ್ಲಿ ಕರೆಂಟ್ ಹರಿಯುವುದಿಲ್ಲ, ಹಾಗಾಗಿ ವಾಪಸ್ ಬರಲು ದಾರಿಯಿಲ್ಲದೆ ಇನ್ನೊಂದು ಬಲ್ಬಿನ ಮೂಲಕ ನುಸುಳುತ್ತಿತ್ತು. ಪ್ರತಿ ಲೈಟಿಗೂ, ಮೀಟರಿಗೂ, ಟ್ಯಾಂಕಿನ ಸೆಂಡರಿಗೂ (ಪೆಟ್ರೋಲ್ ಮಟ್ಟ ಅಳೆಯುವ ಭಾಗ) ಬೇರೆ ಬೇರೆ ಅರ್ಥ್ ವೈರ್ ಎಳೆದು, ಡ್ಯಾಶ್ ಹಿಂದೆ ಒಂದು ತಾಮ್ರದ ಪಟ್ಟಿಗೆ ಸೇರಿಸಿ, ಅಲ್ಲಿಂದ ದಪ್ಪ ವೈರ್ ಒಂದನ್ನು ಚಾಸಿಗೂ ಬ್ಯಾಟರಿ ನೆಗೆಟಿವ್‌ಗೂ ಕೊಡಿ.

ಎರಡನೆಯದು ಬಾಡಿ ಚಾಸಿಗೆ ಕೂರುವ ಜಾಗ. ಬಿರುಕು ಶುರುವಾಗುವುದೇ ಅಲ್ಲಿ. ಬೋಲ್ಟ್ ಬಿಗಿಯಾಗಿರಲಿ ಅಂತ ಸ್ಪ್ಯಾನರ್ ಮೇಲೆ ಜೋತುಬಿದ್ದರೆ ಫೈಬರ್ ಪುಡಿಯಾಗುತ್ತದೆ. ಕೆಳಗೆ ರಬ್ಬರ್, ಮೇಲೆ ಅಂಗೈ ಅಗಲದ ಸ್ಟೀಲ್ ಪ್ಲೇಟ್, ತೂತಿನೊಳಗೆ ಒಂದು ತುಂಡು ಪೈಪ್ ಇಡಿ. ಆಗ ಬಿಗಿತ ಪೈಪಿನ ಮೇಲೆ ಬೀಳುತ್ತದೆ.

ಬಿರುಕಿಗೆ ಮೇಲಿಂದ ಸುಮ್ನೆ ಪಟ್ಟಿ ಮೆತ್ತಿ ಪೇಂಟ್ ಹೊಡೆದರೆ ಒಂದೇ ಮಳೆಗಾಲಕ್ಕೆ ಮತ್ತೆ ಬಾಯಿ ಬಿಡುತ್ತದೆ. ಬಿರುಕಿನ ತುದಿಗೆ ಸಣ್ಣ ತೂತು ಕೊರೆಯಿರಿ, ಮುಂದೆ ಓಡುವುದಿಲ್ಲ. ಅಂಚನ್ನು ಅಗಲವಾಗಿ ಇಳಿಜಾರು ತೇಯಿರಿ. ಹಿಂದುಗಡೆಯಿಂದ ಮ್ಯಾಟ್ (ಗಾಜಿನ ನಾರಿನ ಹಾಳೆ) ಮತ್ತು ರೆಸಿನ್ (ಅದನ್ನು ಗಟ್ಟಿ ಮಾಡುವ ಅಂಟು) ಪದರ ಪದರವಾಗಿ ಕೊಡಿ. ಮಾಸ್ಕ್ ಹಾಕಿ, ತುಂಬು ತೋಳಿನ ಅಂಗಿ ಹಾಕಿ. ಆ ಧೂಳು ಮೈಗೆ ಹತ್ತಿದರೆ ನಸುಗುನ್ನಿ ಕಾಯಿ ತಾಗಿದ ಹಾಗೆ ತುರಿಕೆ. ಹಳೆ ಪೇಂಟ್ ತೆಗೆಯಲು ಕಬ್ಬಿಣಕ್ಕೆ ಬಳಸುವ ಕೆಮಿಕಲ್ ಹಚ್ಚಬೇಡಿ, ಫೈಬರನ್ನೇ ಮೆತ್ತಗೆ ಮಾಡುತ್ತದೆ. ನಿಧಾನವಾದರೂ ಕೈಯಲ್ಲೇ ಉಜ್ಜಿ.

ಸೀಟ್ ಬೆಲ್ಟ್ ವಿಷಯದಲ್ಲಿ ಮಾತ್ರ ರಾಜಿ ಇಲ್ಲ. ಬರೀ ಫೈಬರ್ ನೆಲಕ್ಕೆ ಬೋಲ್ಟ್ ಹಾಕಿದ ಬೆಲ್ಟ್ ಡಿಕ್ಕಿಯಾದರೆ ನೆಲದ ತುಂಡಿನ ಸಮೇತ ಕಿತ್ತು ಬರುತ್ತದೆ. ಬೆಲ್ಟೂ ರೋಲ್ ಬಾರೂ (ಜೀಪ್ ಮಗುಚಿದರೆ ತಲೆ ಕಾಯುವ ಪೈಪು) ಚಾಸಿಗೇ ಸೇರಬೇಕು. ವೆಲ್ಡಿಂಗ್ ಬಾರದಿದ್ದರೆ ಈ ಒಂದು ಕೆಲಸ ಬಲ್ಲವರಿಗೆ ಕೊಡಿ. ಅವರ ಹತ್ತಿರವೇ ಚಾಸಿಯಲ್ಲಿ ಸ್ಟಿಯರಿಂಗ್ ಬಾಕ್ಸ್ ಕೂತ ಜಾಗವನ್ನೂ ನೋಡಿಸಿ, ಅಲ್ಲಿ ಬಿರುಕು ಬಿಡುವುದು ಈ ಜೀಪುಗಳ ಹಳೆ ಕಾಯಿಲೆ.

ಚಕ್ರ ಬಿಚ್ಚುವಾಗ ನೆನಪಿಡಿ, ಹಳೆಯವುಗಳಲ್ಲಿ ಎಡಗಡೆಯ ನಟ್‌ಗಳಿಗೆ ಉಲ್ಟಾ ಥ್ರೆಡ್ ಇರುವುದುಂಟು. ಸ್ಟಡ್ ತುದಿಯಲ್ಲಿ ಎಲ್ ಅಕ್ಷರ ಇದೆಯಾ ನೋಡಿ. ನಾನು ನೋಡದೆ ಎರಡು ಮುರಿದೆ.

ಟೇಪ್ ಹಿಡಿದು ಎಷ್ಟು ಬಂತು ಅಂತ ತಿಳಿಸಿ. ಹಿಂದಿನ ಆಕ್ಸಲ್‌ದೊಂದು ಫೋಟೋ ಇದ್ದರೆ ಇನ್ನೂ ಒಳ್ಳೆಯದು.