ನೈಟ್ ಡ್ಯೂಟಿಗೆ ಇಬ್ಬರೂ ಹೊಸಬರೇ ಯಾಕೆ?

ವಿರಾಜಪೇಟೆ ಕಡೆಯ ಖಾಸಗಿ ಆಸ್ಪತ್ರೆಯೊಂದರ ವಾರ್ಡ್ ಇನ್‌ಚಾರ್ಜ್ ಸಿಸ್ಟರ್ ಬರೆದಿದ್ದಾರೆ. ಪತ್ರ ಓದುತ್ತಾ ಓದುತ್ತಾ ನನಗೆ ಸಿಟ್ಟು ಏರಿತು. ಯಾರ ಮೇಲೆ ಅಂತ ಆಮೇಲೆ ಹೇಳ್ತೀನಿ.

ವಿಷಯ ಇಷ್ಟು. ಜಿಎನ್‌ಎಂ ನರ್ಸಿಂಗ್ ಕೋರ್ಸ್ ಮುಗಿಸಿ ಮೂರು ತಿಂಗಳ ಹಿಂದೆ ಸೇರಿದ ಹುಡುಗಿ, ಜುಲೈಯ ಒಂದು ರಾತ್ರಿ, ರೋಗಿಗೆ ಕೊಡಬೇಕಾದ ಆಂಟಿಬಯೋಟಿಕ್ ಇಂಜೆಕ್ಷನ್ ಮರೆತಳು. ಚಾರ್ಟ್‌ನಲ್ಲಿ ಮಾತ್ರ ಕೊಟ್ಟ ಹಾಗೆ ಸಹಿ ಹಾಕಿದಳು. ಬೆಳಿಗ್ಗೆ ರೋಗಿಯ ಮಗ ಹೇಳಿದಾಗ ಗೊತ್ತಾಯಿತು. ಡಾಕ್ಟರಿಗೆ ತಿಳಿಸಿದರು, ರೋಗಿಗೆ ಏನೂ ಆಗಲಿಲ್ಲ. ಹಿರಿಯ ಸಿಸ್ಟರ್ ಒಬ್ಬರು ಎಲ್ಲರೆದುರೇ ಅವಳಿಗೆ ಬೈದರು. ಈಗ ಅವಳು ಕೆಲಸ ಬಿಡ್ತೀನಿ ಅಂತಿದ್ದಾಳೆ. ಈ ವರ್ಷ ಇಬ್ಬರು ಆಗಲೇ ಹೋಗಿದ್ದಾರೆ. ‘ನನಗೆ ಟೀಮ್ ನಡೆಸಲು ಬರುವುದಿಲ್ಲ, ಇನ್‌ಚಾರ್ಜ್ ಬಿಟ್ಟುಬಿಡಲೇ?’ ಎನ್ನುವುದು ಪ್ರಶ್ನೆ.

ಸಿಸ್ಟರ್, ನಿಮ್ಮ ನಾಲ್ಕು ಪುಟದ ನಡುವೆ ಒಂದು ಮಾತು ಮೆಲ್ಲಗೆ ನುಸುಳಿದೆ: ‘ಆ ರಾತ್ರಿ ಇಬ್ಬರೂ ಹೊಸಬರೇ ಇದ್ದರು, ಹಿರಿಯರಿಗೆ ಮನೆಯಲ್ಲಿ ಮಕ್ಕಳಿದ್ದಾರಲ್ವಾ.’ ಮಕ್ಕಳಿಗೆ ಅಪ್ಪಂದಿರೂ ಇದ್ದಾರಲ್ವಾ?

ಕೊಡಗಿನ ಮಳೆಗಾಲದ ರಾತ್ರಿ ಹೇಗಿರುತ್ತದೆ ಅಂತ ನಿಮಗೆ ಹೇಳಬೇಕಾಗಿಲ್ಲ. ಮರ ಬಿದ್ದು ಕರೆಂಟ್ ಹೋಗುತ್ತದೆ, ಫೋನ್ ಸಿಗುವುದಿಲ್ಲ, ಗೋಣಿಕೊಪ್ಪದಿಂದ ಬರಬೇಕಾದ ಡಾಕ್ಟರ್ ದಾರಿಯಲ್ಲೇ ಸಿಕ್ಕಿಕೊಳ್ಳುತ್ತಾರೆ. ಹೊಸ ನರ್ಸಿಗೆ ಹತ್ತು ಕೆಲಸವೂ ಒಂದೇ ತೂಕ. ಯಾವುದು ಮೊದಲು ಅಂತ ತೋರಿಸಲು ಅನುಭವಿಗಳ ಆಸರೆ ಬೇಕು ಅಂತ ಅಮೆರಿಕದ ನರ್ಸಿಂಗ್ ತಜ್ಞೆ ಪೆಟ್ರಿಷಿಯಾ ಬೆನ್ನರ್ 1984ರಲ್ಲೇ ಬರೆದಿದ್ದರು. ನಿಮ್ಮ ಹುಡುಗಿಗೆ ಕೇಳೋಣ ಅಂದರೆ ಪಕ್ಕದಲ್ಲಿದ್ದದ್ದು ತನ್ನಷ್ಟೇ ಹೆದರಿದ ಇನ್ನೊಬ್ಬಳು. ಸುಳ್ಳು ಸಹಿ ಸಣ್ಣ ತಪ್ಪಲ್ಲ, ಒಪ್ಪಿದೆ. ಅದನ್ನು ವರದಿಯಲ್ಲಿ ಬರೆಸಿ, ಅವಳನ್ನು ಬೇರೆಯಾಗಿ ಕೂರಿಸಿಕೊಂಡು ಹೇಳಿ.

ಹಾರ್ವರ್ಡ್‌ನ ಆಮಿ ಎಡ್ಮಂಡ್ಸನ್ ಆಸ್ಪತ್ರೆಯ ತಂಡಗಳಲ್ಲಿ ಔಷಧ ಕೊಡುವಾಗ ಆಗುವ ತಪ್ಪುಗಳನ್ನು ಅಧ್ಯಯನ ಮಾಡಿ 1996ರಲ್ಲಿ ಪ್ರಕಟಿಸಿದರು. ಒಳ್ಳೆಯ ನರ್ಸ್ ಮ್ಯಾನೇಜರ್ ಇದ್ದ ಕಡೆಯೇ ತಪ್ಪಿನ ಲೆಕ್ಕ ಜಾಸ್ತಿ! ಅಲ್ಲಿಯವರು ಹೆದರದೆ ಹೇಳುತ್ತಿದ್ದರು ಅನ್ನುವುದೇ ಅದಕ್ಕೆ ಅವರು ಕಂಡುಕೊಂಡ ಕಾರಣ. ಬೈಗುಳ ಇರುವ ಕಡೆ ಲೆಕ್ಕ ಚೊಕ್ಕವಾಗಿರುತ್ತದೆ, ನಿಮ್ಮ ಚಾರ್ಟ್‌ನ ಆ ಸಹಿಯ ಹಾಗೆ.

ಇನ್ನು ‘ನಾವೂ ಹೀಗೇ ಕಲಿತದ್ದು’ ಅನ್ನುವ ನಿಮ್ಮ ಹಿರಿಯ ಸಿಸ್ಟರ್. ನನ್ನ ಸಿಟ್ಟೆಲ್ಲ ಇವರ ಮೇಲೆ. ಇಪ್ಪತ್ತು ವರ್ಷದ ಅನುಭವ ಇದೆಯಂತೆ. ರಾತ್ರಿ ಅದನ್ನು ಮನೆಯಲ್ಲಿಟ್ಟುಕೊಂಡಿದ್ದರು, ಬೆಳಿಗ್ಗೆ ಬೈಯುವುದಕ್ಕೆ ತಂದರು.

ಟೀಮ್ ನಡೆಸುವುದು ಅಂದರೆ ದೊಡ್ಡ ಭಾಷಣ ಏನಲ್ಲ. ಡ್ಯೂಟಿ ಪಟ್ಟಿ ತೋರಿಸಿ, ಅಲ್ಲಿಯ ಇನ್‌ಚಾರ್ಜ್ ಎಂಥವರು ಅಂತ ಹೇಳ್ತೀನಿ. ಈ ಅಂಕಣ ಓದುವವರಿಗೆ ನನ್ನ ಈ ಹಠ ಹೊಸದಲ್ಲ.

ಆದ್ದರಿಂದ ಇನ್‌ಚಾರ್ಜ್ ಬಿಡಬೇಡಿ, ಪಟ್ಟಿ ಹರಿದು ಹೊಸದು ಬರೆಯಿರಿ. ಪ್ರತಿ ರಾತ್ರಿ ಒಬ್ಬ ಹೊಸಬಳ ಜೊತೆ ಒಬ್ಬ ಹಳಬರು. ಮೊದಲ ವಾರ ಆ ಹುಡುಗಿಯ ಜೊತೆ ನಿಮ್ಮ ಹೆಸರೇ ಇರಲಿ. ಹಿರಿಯ ಸಿಸ್ಟರ್ ಹೆಸರು ಎರಡನೇ ವಾರ, ಇನ್ನೊಬ್ಬ ಹೊಸಬಳ ಜೊತೆ. ಅವರು ಮ್ಯಾಟ್ರನ್ ಹತ್ತಿರ ದೂರು ಒಯ್ದರೆ ಒಯ್ಯಲಿ, ಹಳೇ ಪಟ್ಟಿ ಹಿಡಿದುಕೊಂಡು ನೀವೂ ಜೊತೆಗೇ ಹೋಗಿ.