ಮೈಕ್ ಮುಂದೆ ಈ ಕೈಗಳನ್ನು ಏನು ಮಾಡಲಿ?

ವೇದಿಕೆಯ ಮೇಲೆ ನಿಲ್ಲುವುದು, ಕೂರುವುದು, ಮಾತಾಡುವುದರ ಬಗ್ಗೆ ಈ ಸಲ ಪತ್ರಗಳು ಜಾಸ್ತಿ ಬಂದಿವೆ. ಒಂದೇ ಥರದವನ್ನು ಸೇರಿಸಿ ಐದು ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಿದ್ದೇನೆ.

ಪ್ರಶ್ನೆ: ನಾನು ಹಳ್ಳಿಯ ಸಹಕಾರ ಸಂಘವೊಂದರ ಕಾರ್ಯದರ್ಶಿ. ವರ್ಷಕ್ಕೊಮ್ಮೆ ಮಹಾಸಭೆಯಲ್ಲಿ ವರದಿ, ಜಮಾ-ಖರ್ಚು ಓದಬೇಕು. ಲೆಕ್ಕವೆಲ್ಲ ಬಾಯಿಪಾಠ. ಆದರೆ ಮೈಕ್ ಮುಂದೆ ನಿಂತ ಕೂಡಲೇ ಕೈ ನಡುಗುತ್ತದೆ, ಕಾಗದ ಪಟಪಟ ಅನ್ನುತ್ತದೆ. ದುಡ್ಡು ತಿಂದಿದ್ದಾನೆ ಅಂದುಕೊಳ್ಳುತ್ತಾರೇನೋ ಅನ್ನುವ ಭಯ ಬೇರೆ. ಕೈ ಎಲ್ಲಿಟ್ಟುಕೊಳ್ಳಲಿ?
— ಹೆಸರು ಬೇಡ, ಕಡೂರು ತಾಲ್ಲೂಕು

ಉತ್ತರ: ಕಾಗದದ ವಿಷಯ ಸುಲಭ, ಅದನ್ನು ಮೊದಲು ಮುಗಿಸೋಣ. ಮಕ್ಕಳು ಪರೀಕ್ಷೆಗೆ ಒಯ್ಯುತ್ತಾರಲ್ಲ, ಕ್ಲಿಪ್ ಇರುವ ಪ್ಯಾಡ್, ವರದಿಯನ್ನು ಅದಕ್ಕೆ ಸಿಕ್ಕಿಸಿಕೊಳ್ಳಿ. ಒಂಟಿ ಹಾಳೆ ಬೆರಳಿನ ಸಣ್ಣ ನಡುಕವನ್ನೂ ಊರಿಗೆಲ್ಲ ತೋರಿಸುತ್ತದೆ. ಪ್ಯಾಡ್ ಅಷ್ಟು ಚಾಡಿ ಹೇಳುವುದಿಲ್ಲ. ಅಕ್ಷರ ದೊಡ್ಡದಾಗಿರಲಿ, ಹಾಳೆಯ ಮೇಲಿನ ಮುಕ್ಕಾಲು ಭಾಗದಲ್ಲಿ ಮಾತ್ರ ಟೈಪ್ ಮಾಡಿಸಿ. ಪುಟದ ಬುಡದವರೆಗೆ ಓದುತ್ತಾ ಹೋದರೆ ಗದ್ದ ಎದೆಗೆ ತಗಲುತ್ತದೆ, ದನಿ ಗಂಟಲಲ್ಲೇ ಉಳಿಯುತ್ತದೆ.

ಕೈ ಎಲ್ಲಿಡಲಿ ಅಂತ ಕೇಳುವವರ ಕಾಲನ್ನು ನಾನು ಮೊದಲು ನೋಡುತ್ತೇನೆ. ಹೆದರಿಕೆಯಾದಾಗ ಮೈಯಲ್ಲಿ ಅಡ್ರಿನಲಿನ್ ಏರುತ್ತದೆ. ಎದೆಬಡಿತ ಜೋರಾಗುತ್ತದೆ, ಬಾಯಿ ಒಣಗುತ್ತದೆ, ಸ್ನಾಯುಗಳು ಓಡುವುದಕ್ಕೋ ಹೊಡೆದಾಡುವುದಕ್ಕೋ ಸಜ್ಜಾಗುತ್ತವೆ. ನಾವು ಓಡುವುದಿಲ್ಲ, ಹೊಡೆದಾಡುವುದೂ ಇಲ್ಲ. (ಕೆಲವು ಮಹಾಸಭೆಗಳಲ್ಲಿ ಅದೂ ಆಗುತ್ತದೆ, ಬಿಡಿ.) ಆ ಕಸುವಿಗೆ ದಾರಿ ಸಿಗದೆ ಬೆರಳಲ್ಲಿ, ಮಂಡಿಯಲ್ಲಿ ನಡುಕವಾಗುತ್ತದೆ. ಆಗ ಹೆಚ್ಚಿನವರು ಎರಡು ಕಾಲನ್ನೂ ಜೋಡಿಸಿ, ಮಂಡಿ ಬಿಗಿದು, ಕಂಬದಂತೆ ನಿಲ್ಲುತ್ತಾರೆ. ನಡುಕ ಇನ್ನೂ ಹೆಚ್ಚಾಗುತ್ತದೆ. ಸ್ವಾತಂತ್ರ್ಯ ದಿನದ ಕವಾಯತಿನಲ್ಲಿ ಮಕ್ಕಳು ತಲೆಸುತ್ತಿ ಬೀಳುವುದನ್ನು ನೋಡಿರುತ್ತೀರಿ. ಬಿಸಿಲು, ಖಾಲಿ ಹೊಟ್ಟೆ ಒಂದು ಕಾರಣ. ಅಲುಗಾಡದೆ ನಿಂತಾಗ ರಕ್ತ ಕಾಲಲ್ಲೇ ತಂಗುವುದು ಇನ್ನೊಂದು. ಮೀನಖಂಡದ ಸ್ನಾಯು ಆಗಾಗ ಮಿಡಿದರೆ ತಾನೇ ರಕ್ತ ಮೇಲೆ ಹೋಗುವುದು?

ಹಾಗಾಗಿ ಪಾದಗಳನ್ನು ಸೊಂಟದಷ್ಟು ಅಗಲಕ್ಕೆ ಇಡಿ. ಒಂದು ಪಾದ ಚೂರು ಮುಂದಿರಲಿ. ಮಂಡಿ ಸಡಿಲ ಬಿಡಿ, ಬಗ್ಗಿಸಬೇಕಾಗಿಲ್ಲ. ಚಪ್ಪಲಿಯೊಳಗೆ ಹೆಬ್ಬೆರಳಿನಿಂದ ನೆಲ ಒತ್ತಿ, ಯಾರಿಗೂ ಕಾಣುವುದಿಲ್ಲ. ಈಗ ಉಸಿರು ಬಿಡಿ, ಪೂರ್ತಿ. ಎಲ್ಲರೂ 'ಉಸಿರು ಎಳ್ಕೊಳ್ಳಿ' ಅಂತಾರೆ. ಹೆದರಿದವನ ಎದೆಯಲ್ಲಿ ಆಗಲೇ ಉಸಿರು ತುಂಬಿರುತ್ತದೆ. ಬಿಟ್ಟರೆ ಮುಂದಿನದು ತಾನಾಗಿ ಹೊಟ್ಟೆಯವರೆಗೆ ಇಳಿಯುತ್ತದೆ, ಭುಜವೂ ಇಳಿಯುತ್ತದೆ. ಭುಜ ಇಳಿದರೆ ಕೈಯ ಸಮಸ್ಯೆ ಮುಕ್ಕಾಲು ಪಾಲು ಮುಗಿದ ಹಾಗೆ. ಒಂದು ಕೈಯಲ್ಲಿ ಪ್ಯಾಡ್, ಇನ್ನೊಂದರ ತೋರುಬೆರಳು ಓದುತ್ತಿರುವ ಸಾಲಿನ ಮೇಲೆ. ಮೈಕ್ ಕೈಯಲ್ಲೇ ಹಿಡಿಯಬೇಕಾದರೆ ಮೊಣಕೈಯನ್ನು ಪಕ್ಕೆಗೆ ತಾಗಿಸಿಕೊಳ್ಳಿ, ನಡುಕ ಅಲ್ಲೇ ತಗ್ಗುತ್ತದೆ.

ದುಡ್ಡು ತಿಂದವನ ಹಾಗೆ ಕಾಣುತ್ತೇನಾ ಅನ್ನುವ ನಿಮ್ಮ ಭಯಕ್ಕೆ ಒಂದು ಉಪಾಯ. ನಿವ್ವಳ ಲಾಭ, ಸುಸ್ತಿ ಸಾಲ ಇಂಥ ಮುಖ್ಯ ಅಂಕಿ ಓದಿದ ಮೇಲೆ ತಲೆ ಎತ್ತಿ ಜನರನ್ನು ನೋಡಿ, ಅರೆಗಳಿಗೆ ಸುಮ್ಮನಿರಿ, ಆಮೇಲೆ ಮುಂದಿನ ಸಾಲು. ಅಂಕಿ ಬಂದಾಗಲೇ ತಲೆ ತಗ್ಗಿಸಿ ಓಟ ಕಿತ್ತರೆ ಮಾತ್ರ ಜನರಿಗೆ ಅನುಮಾನ ಬರುತ್ತದೆ.

ಪ್ರಶ್ನೆ: ಕಂಪನಿಯ ಟ್ರೈನಿಂಗ್‌ನಲ್ಲಿ 'ಮಾತಿನ ಪರಿಣಾಮದಲ್ಲಿ ಶೇ 55 ದೇಹಭಾಷೆ, ಶೇ 38 ದನಿ, ಪದಗಳದ್ದು ಶೇ 7 ಅಷ್ಟೇ' ಅಂದರು. ಭಾಷಣಕ್ಕೆ ಮುಂಚೆ ಎರಡು ನಿಮಿಷ ಸೊಂಟಕ್ಕೆ ಕೈ ಇಟ್ಟು ನಿಂತರೆ ಹಾರ್ಮೋನ್ ಬದಲಾಗಿ ಧೈರ್ಯ ಬರುತ್ತದೆ ಅಂತಲೂ ಹೇಳಿದರು. ನಿಜಾನಾ?
— ಐಟಿ ಉದ್ಯೋಗಿ, ಬೆಂಗಳೂರು

ಉತ್ತರ: ಮೊದಲನೆಯದು ಅರ್ಧ ಕೇಳಿಸಿಕೊಂಡ ಕಥೆ. ಅಮೆರಿಕದ ಮನಃಶಾಸ್ತ್ರಜ್ಞ ಆಲ್ಬರ್ಟ್ ಮೆಹ್ರೇಬಿಯನ್ 1967ರಲ್ಲಿ ಪ್ರಕಟಿಸಿದ ಎರಡು ಪ್ರಯೋಗಗಳಿಂದ ಬಂದ ಅಂಕಿ ಅದು. ಅಲ್ಲಿ ಭಾಷಣವೇ ಇರಲಿಲ್ಲ. ಬಿಡಿ ಪದಗಳನ್ನು ಬೇರೆ ಬೇರೆ ದನಿಯಲ್ಲಿ ಕೇಳಿಸಿ, ಮುಖದ ಫೋಟೊ ತೋರಿಸಿ, 'ಈ ವ್ಯಕ್ತಿಗೆ ಎದುರಿನವರ ಮೇಲೆ ಇಷ್ಟ ಇದೆಯಾ, ಇಲ್ವಾ' ಅಂತ ಕೇಳಿದ್ದರು. ಶೇ 55 ಕೂಡ ಮುಖಭಾವದ ಲೆಕ್ಕ, ಇಡೀ ದೇಹದ್ದಲ್ಲ. ಭಾವನೆ, ಇಷ್ಟಾನಿಷ್ಟದ ಮಾತಿಗೆ ಮಾತ್ರ ಇದು ಸಲ್ಲುತ್ತದೆ ಅಂತ ಮೆಹ್ರೇಬಿಯನ್ ಅವರೇ ಹೇಳಿದ್ದಾರೆ. ಪದಕ್ಕೆ ಬರೀ ಶೇ 7 ಬೆಲೆ ಇದ್ದಿದ್ದರೆ ಮೇಲಿನ ಕಾರ್ಯದರ್ಶಿಗಳು ಲೆಕ್ಕ ಓದದೆ ಮುಖ ತೋರಿಸಿ ಕೂತಿದ್ದರೂ ಜಮಾ-ಖರ್ಚು ಮಂಜೂರಾಗಬೇಕಿತ್ತು.

ಎರಡನೆಯದು 2010ರಲ್ಲಿ ಡಾನಾ ಕಾರ್ನಿ, ಏಮಿ ಕಡ್ಡಿ, ಆಂಡಿ ಯಾಪ್ ಪ್ರಕಟಿಸಿದ ಅಧ್ಯಯನ. ಅದರಲ್ಲಿ ಇದ್ದವರು 42 ಜನ. 2015ರಲ್ಲಿ ಬೇರೊಂದು ತಂಡ 200 ಜನರ ಮೇಲೆ ಮಾಡಿ ನೋಡಿತು. ಹಾರ್ಮೋನ್ ಬದಲಾಗಲಿಲ್ಲ. ಕಸುವು ಬಂದ ಹಾಗೆ ಅನ್ನಿಸಿತು ಅಂತ ಮಾತ್ರ ಜನ ಹೇಳಿದರು. ಮೊದಲ ಅಧ್ಯಯನದ ಡಾನಾ ಕಾರ್ನಿ ಅವರೇ 2016ರಲ್ಲಿ ಅದರ ಮೇಲೆ ತನಗೆ ನಂಬಿಕೆ ಉಳಿದಿಲ್ಲ ಅಂದುಬಿಟ್ಟರು. ಹಿತ ಅನ್ನಿಸಿದರೆ ಧಾರಾಳವಾಗಿ ನಿಲ್ಲಿ, ನಷ್ಟವೇನಿಲ್ಲ. ನನ್ನನ್ನು ಕೇಳಿದರೆ, ಆ ಎರಡು ನಿಮಿಷದಲ್ಲಿ ಭಾಷಣದ ಮೊದಲ ಮೂರು ವಾಕ್ಯಗಳನ್ನು ಗಟ್ಟಿಯಾಗಿ ಹೇಳಿಕೊಳ್ಳುವುದು ಲಾಭ.

ಪ್ರಶ್ನೆ: ಕಾಲೇಜಿನ ಚರ್ಚಾಸ್ಪರ್ಧೆಗಳಿಗೆ ಹೋಗುತ್ತೇನೆ. ಸಭಿಕರ ಕಣ್ಣು ನೋಡಿ ಮಾತಾಡು ಅಂತಾರೆ ಮೇಷ್ಟ್ರು. ದೊಡ್ಡವರ ಮುಖಕ್ಕೆ ಮುಖ ಕೊಟ್ಟು ಮಾತಾಡಬಾರದು ಅಂತ ಮನೆಯಲ್ಲಿ ಬೆಳೆಸಿದ್ದಾರೆ. ಕೈ ಆಡಿಸಿದರೆ ನಾಟಕ ಅನ್ನಿಸುತ್ತದೆ, ಆಡಿಸದಿದ್ದರೆ ಸಪ್ಪೆ.
— ಬಿ.ಎ. ವಿದ್ಯಾರ್ಥಿನಿ, ಶಿರಸಿ

ಉತ್ತರ: ಮನೆಯವರು ಹೇಳಿದ್ದು ಎದುರು ಕೂತು ಇಬ್ಬರೇ ಮಾತಾಡುವಾಗಿನ ರೀತಿ. ಸಭೆಯ ರೀತಿ ಬೇರೆ. ತೀರ್ಪುಗಾರರ ಕಣ್ಣು ನೋಡಲು ಮುಜುಗರವಾದರೆ ಹುಬ್ಬುಗಳ ನಡುವೆ ನೋಡಮ್ಮ. ಹತ್ತು-ಹನ್ನೆರಡು ಅಡಿ ದೂರದಿಂದ ವ್ಯತ್ಯಾಸ ಗೊತ್ತೇ ಆಗುವುದಿಲ್ಲ. ಆದರೆ ಅವರನ್ನೇ ನೋಡುತ್ತಾ ನಿಲ್ಲಬೇಡ. ಎಷ್ಟೋ ಸಭಾಂಗಣಗಳಲ್ಲಿ ಹೆಣ್ಣುಮಕ್ಕಳು ಒಂದು ಕಡೆ, ಗಂಡುಮಕ್ಕಳು ಒಂದು ಕಡೆ ಕೂರುತ್ತಾರೆ. ಮಾತಾಡುವವರು ತಮಗೆ ಗೊತ್ತಿಲ್ಲದೆ ಒಂದೇ ಕಡೆಗೆ ವಾಲಿರುತ್ತಾರೆ. ಒಂದು ವಾಕ್ಯ ಎಡಗಡೆಯ ಒಬ್ಬರಿಗೆ, ಇನ್ನೊಂದು ಕೊನೆಯ ಸಾಲಿನವರಿಗೆ, ಮತ್ತೊಂದು ಬಲಗಡೆಗೆ. ವಾಕ್ಯ ಮುಗಿಯುವವರೆಗೆ ನೋಟ ಕದಲದಿರಲಿ. ಟೇಬಲ್ ಫ್ಯಾನಿನ ಹಾಗೆ ಸುಮ್ನೆ ತಲೆ ತಿರುಗಿಸಿದರೆ ಯಾರನ್ನೂ ನೋಡಿದ ಹಾಗಾಗುವುದಿಲ್ಲ.

ಕೈಯ ಬಗ್ಗೆ ಒಂದೇ ಮಾತು. ನಾವು ಸಹಜವಾಗಿ ಮಾತಾಡುವಾಗ ಕೈ ಪದದ ಜೊತೆಗೋ ಚೂರು ಮುಂಚೆಯೋ ಬರುತ್ತದೆ. ಕನ್ನಡಿ ಮುಂದೆ ಕಲಿತ ಅಭಿನಯ ಪದ ಆದಮೇಲೆ ಬರುತ್ತದೆ, ಅಲ್ಲೇ ನಾಟಕ ಅನ್ನಿಸುವುದು. ಹಾಗಾಗಿ ಕೈಯನ್ನು ಅಭ್ಯಾಸ ಮಾಡಬೇಡ. ವಿಷಯವನ್ನು ಗೆಳತಿಗೆ ಜಗಳ ಕಾಯುವ ಹಾಗೆ ಹೇಳಿ ಮೊಬೈಲಿನಲ್ಲಿ ರೆಕಾರ್ಡ್ ಮಾಡು. ನಿನ್ನ ಕೈ ಏನು ಮಾಡುತ್ತದೆ ಅಂತ ಅಲ್ಲೇ ಕಾಣುತ್ತದೆ. ತೋರುಬೆರಳು ಎದುರಾಳಿಯತ್ತ ಹೋಗುತ್ತಿದ್ದರೆ ಅಂಗೈ ಬಿಚ್ಚು, ಸಾಕು.

ಪ್ರಶ್ನೆ: ನನ್ನ ಎತ್ತರ 4 ಅಡಿ 10 ಇಂಚು. ಪೋಡಿಯಂ ಹಿಂದೆ ನಿಂತರೆ ತಲೆ ಮಾತ್ರ ಕಾಣುತ್ತದೆ. ಸೆರಗು ಜಾರುತ್ತದೇನೋ ಅಂತ ಒಂದು ಕೈ ಯಾವಾಗಲೂ ಭುಜದ ಮೇಲೆ.
— ಶಿಕ್ಷಕಿ, ಅರಸೀಕೆರೆ

ಉತ್ತರ: ಪೋಡಿಯಂ ಬಿಟ್ಟು ಪಕ್ಕಕ್ಕೆ ಬನ್ನಿ, ಕೈಮೈಕ್ ಕೇಳಿ. ಕೊಡದಿದ್ದರೆ ಬಗ್ಗುವ ಮೈಕನ್ನು ಬಾಯಿಯ ಎತ್ತರಕ್ಕಿಂತ ಸ್ವಲ್ಪ ಕೆಳಗೆ ಎಳೆದುಕೊಳ್ಳಿ. 'ಪ', 'ಭ' ಅಂದಾಗ ಡಬ್ ಅನ್ನುವುದೂ ತಪ್ಪುತ್ತದೆ. ಮೈಕ್ ಸರಿಮಾಡಿಕೊಳ್ಳಲು ಐದು ಸೆಕೆಂಡ್ ಹಿಡಿದರೆ ಹಿಡಿಯಲಿ, ಸಂಕೋಚ ಬೇಡ. ತುದಿಗಾಲಲ್ಲಿ ನಿಂತು ಕತ್ತು ಚಾಚಿದರೆ ಗಂಟಲು ಬಿಗಿಯುತ್ತದೆ. ಸೆರಗಿಗೆ ಮನೆಯಲ್ಲೇ ಎರಡು ಪಿನ್ ಹಾಕಿ ಮರೆತುಬಿಡಿ.

ಇನ್ನೊಂದು, ಎಲ್ಲರಿಗೂ ಸೇರಿ. 'ವೇದಿಕೆಯ ಮೇಲಿರುವ ಗಣ್ಯರೇ' ಅನ್ನುವಾಗ ನಮ್ಮವರು ಹಿಂದಕ್ಕೆ ಕತ್ತು ತಿರುಗಿಸಿ ಹೆಸರು ಹೇಳುತ್ತಾರೆ. ಬಾಯಿ ಮೈಕಿನಿಂದ ದೂರ ಹೋಗಿ ಹೆಸರುಗಳೇ ಕೇಳಿಸುವುದಿಲ್ಲ. ಮೊದಲು ಪೂರ್ತಿ ತಿರುಗಿ, ಕೈಮುಗಿದು, ಮತ್ತೆ ಈ ಕಡೆ ಬಂದು ಮೈಕಿಗೆ ಹೆಸರು ಹೇಳಿ.

ಪ್ರಶ್ನೆ: ನಿವೃತ್ತ ಮುಖ್ಯೋಪಾಧ್ಯಾಯ, ವಯಸ್ಸು 71. ಬೆನ್ನು ಬಾಗಿದೆ, ಮಂಡಿನೋವು. ಹಳೆಯ ವಿದ್ಯಾರ್ಥಿಗಳು ಸನ್ಮಾನ ಇಟ್ಟುಕೊಂಡಿದ್ದಾರೆ. ಕೂತು ಮಾತಾಡಿದರೆ ಮರ್ಯಾದೆಯಲ್ಲ ಅನ್ನಿಸುತ್ತದೆ.
— ಪುತ್ತೂರು

ಉತ್ತರ: ನಿಮ್ಮ ಊರಿನ ಕಡೆಯವರು ಇದನ್ನು ಕೇಳಬಹುದೇ ಮೇಷ್ಟ್ರೇ? ತಾಳಮದ್ದಳೆಯಲ್ಲಿ ಅರ್ಥಧಾರಿಗಳು ವೇಷವಿಲ್ಲದೆ, ಕುಣಿತವಿಲ್ಲದೆ ಎದುರುಬದುರು ಕೂತೇ ಕೃಷ್ಣ-ಕೌರವರಾಗುವುದನ್ನು ನೀವು ಬೇಕಾದಷ್ಟು ನೋಡಿರುತ್ತೀರಿ. ಅವರ ಕೂರುವಿಕೆಯನ್ನು ಒಮ್ಮೆ ಗಮನಿಸಿ. ಹುರುಪಿನಲ್ಲಿ ಮಾತಾಡುವವರು ಕುರ್ಚಿಗೆ ಒರಗಿರುವುದಿಲ್ಲ, ಮುಂದಕ್ಕೆ ಸರಿದಿರುತ್ತಾರೆ.

ನೀವೂ ಹಾಗೇ ಮಾಡಿ. ವೇದಿಕೆಯ ಮೇಲೆ ಮೆತ್ತನೆ ಸೋಫಾ ಹಾಕಿರುತ್ತಾರೆ. ಅದರಲ್ಲಿ ಮಂಡಿ ಸೊಂಟಕ್ಕಿಂತ ಮೇಲೇರಿ ಹೊಟ್ಟೆ ಮಡಚಿಕೊಳ್ಳುತ್ತದೆ, ವಪೆಗೆ (ಎದೆಗೂ ಹೊಟ್ಟೆಗೂ ನಡುವಿನ ಉಸಿರಾಟದ ಸ್ನಾಯು) ಕೆಳಗಿಳಿಯಲು ಜಾಗವಿರುವುದಿಲ್ಲ, ಉಸಿರು ಗಿಡ್ಡವಾಗುತ್ತದೆ. ಎತ್ತರದ ಗಟ್ಟಿ ಕುರ್ಚಿ ಬೇಕು ಅಂತ ಮೊದಲೇ ಹೇಳಿಡಿ. ಕುರ್ಚಿಯ ಮುಂದಿನ ಅರ್ಧದಲ್ಲಿ ಕೂತು, ಎರಡೂ ಪಾದ ನೆಲಕ್ಕೆ ಊರಿ. ಬಾಗಿದ ಬೆನ್ನನ್ನು ಆ ದಿನ ಬಲವಂತವಾಗಿ ನೆಟ್ಟಗೆ ಮಾಡಲು ಹೋಗಬೇಡಿ, ಸೊಂಟ ಹಿಡಿಯುತ್ತದೆ. ನೆತ್ತಿಯನ್ನು ಮೇಲಕ್ಕೆ ಯಾರೋ ಎತ್ತಿದ ಹಾಗೆ ಭಾವಿಸಿ, ಗದ್ದವನ್ನು ಒಂದಿಷ್ಟು ಒಳಗೆಳೆದುಕೊಂಡರೆ ಆಯಿತು. ಬೆನ್ನಿನ ವ್ಯಾಯಾಮ ಬೇಕಿದ್ದರೆ ಫಿಸಿಯೋಥೆರಪಿಸ್ಟ್ ಹತ್ತಿರ ತೋರಿಸಿಯೇ ಶುರು ಮಾಡಿ.

ನಿಮ್ಮ ಸರದಿ ಬರುವ ಹೊತ್ತಿಗೆ ಒಂದು ಗಂಟೆಯಾದರೂ ಆಗಿರುತ್ತದೆ. ಅಷ್ಟೂ ಹೊತ್ತು ಜನ ವೇದಿಕೆಯನ್ನೇ ನೋಡುತ್ತಿರುತ್ತಾರೆ, ಆಕಳಿಸುವ ಗಣ್ಯರೂ ಮೊಬೈಲ್ ತೀಡುವ ಗಣ್ಯರೂ ಅವರ ಕಣ್ಣು ತಪ್ಪುವುದಿಲ್ಲ. ಮಾತಾಡುತ್ತಿರುವವರ ಕಡೆ ತಿರುಗಿ ಕೂರಿ, ಮೇಜಿನ ಬಟ್ಟೆಯ ಮರೆಯಲ್ಲಿ ಪಾದ ಆಡಿಸುತ್ತಿರಿ. ಹಾರ, ಶಾಲು, ಹಣ್ಣಿನ ಬುಟ್ಟಿ ಎಲ್ಲ ಪಕ್ಕದ ಕುರ್ಚಿಗೆ ಹೋಗಲಿ. ಪೇಟ ಇರಲಿ ಅಂತ ಹುಡುಗರು ಒತ್ತಾಯ ಮಾಡುತ್ತಾರೆ. ಫೋಟೊ ಆಗುವವರೆಗೆ ಇರಲಿ, ಮಾತಿಗೆ ಮುಂಚೆ ತೆಗೆದಿಡಿ. ಜಾರುವ ಪೇಟಕ್ಕೆ ಹೆದರಿ ಕತ್ತು ಬಿಗಿ ಹಿಡಿದವರ ದನಿ ಮೂರನೇ ಸಾಲು ದಾಟುವುದಿಲ್ಲ.