ಭಾವನ ಫೋಟೊ, ನಿಮ್ಮ ಚರ್ಚಿನ ಸಭೆ

ಮಂಡ್ಯದ ಓದುಗರೊಬ್ಬರು ನಾಲ್ಕು ಪುಟದ ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದು ಕೇಳಿಕೊಂಡಿದ್ದಾರೆ. ಪತ್ರದ ಸಾರ ಇಷ್ಟು:

“ನನಗೆ 34 ವರ್ಷ. ಖಾಸಗಿ ಕಂಪನಿಯಲ್ಲಿ ಲೆಕ್ಕ ಬರೆಯುವ ಕೆಲಸ. ಅಕ್ಕ, ಭಾವ ಅಮೆರಿಕದಲ್ಲಿದ್ದಾರೆ. ಭಾವ ಅಲ್ಲಿ ನೈಟ್ಸ್ ಆಫ್ ಕೊಲಂಬಸ್ ಎಂಬ ಕ್ಯಾಥೋಲಿಕ್ ಗಂಡಸರ ಸಂಘ ಸೇರಿದ್ದಾರೆ. ಮೊನ್ನೆ ಫೋಟೊ ಕಳಿಸಿದ್ದರು. ಕಪ್ಪು ಟೋಪಿ, ನೀಲಿ ಕೋಟು, ಸೊಂಟದಲ್ಲಿ ಕತ್ತಿ. ನೋಡಿ ನನಗೂ ಆಸೆಯಾಯಿತು. ನಾನು ಇಲ್ಲಿಂದಲೇ ಸೇರಬಹುದಾ? ನಮ್ಮ ಚರ್ಚಿನಲ್ಲಿ ಬಡವರಿಗೆ ನೆರವಾಗುವ ವಿನ್ಸೆಂಟ್ ದೆ ಪೌಲ್ ಸಭೆ ಎಂಬ ಸಂಘ ಇದೆ. ಆದರೆ ಅದರಲ್ಲಿ ಇರೋರೆಲ್ಲ ರಿಟೈರ್ ಆದವರು. ತಿಂಗಳಿಗೆ ಐದು ಕೆಜಿ ಅಕ್ಕಿ ಕೊಟ್ಟು ಮುಗಿಸುತ್ತಾರೆ. ಅದಕ್ಕೆ ಸೇರಿ ಏನು ಪ್ರಯೋಜನ? ನನಗೂ ಇಎಂಐ ಕಟ್ಟೋದಿದೆ. ಹೆಂಡತಿ ಬೇರೆ, ಇರೋದೊಂದು ಭಾನುವಾರ, ಅದನ್ನೂ ಸಂಘಕ್ಕೆ ಕೊಟ್ಟುಬಿಡಿ ಅಂತ ಮುನಿಸಿಕೊಂಡಿದ್ದಾಳೆ. ನೀವೇ ಹೇಳಿ, ಸೇರಲಾ, ಬೇಡವಾ?”

ಪ್ರಿಯ ಓದುಗ ಮಿತ್ರರೇ,

ಸೇರಿ. ಆದರೆ ಫೋಟೊದಲ್ಲಿ ಕಂಡದ್ದಕ್ಕಾಗಿ ಸೇರಬೇಡಿ.

ಮೊದಲು ನಿಮ್ಮ ಭಾವನ ಸಂಘದ ಮಾತು. ಅದನ್ನು ಕಟ್ಟಿದವರು ಮೈಕಲ್ ಮೆಕ್‌ಗಿವ್ನಿ ಎಂಬ ಪಾದ್ರಿ. 1882ರಲ್ಲಿ, ಕನೆಕ್ಟಿಕಟ್ ರಾಜ್ಯದ ನ್ಯೂ ಹೇವನ್ ಊರಿನಲ್ಲಿ. ಅವರಿಗಾಗ ಮೂವತ್ತು ವರ್ಷವೂ ತುಂಬಿರಲಿಲ್ಲ. ಐರ್ಲೆಂಡಿನಿಂದ ವಲಸೆ ಬಂದ ಬಡ ಕುಟುಂಬ. ಹದಿಮೂರು ಮಕ್ಕಳಲ್ಲಿ ಇವರೇ ದೊಡ್ಡವರು. ಹದಿಮೂರನೆಯ ವಯಸ್ಸಿಗೆ ಶಾಲೆ ಬಿಟ್ಟು ಹಿತ್ತಾಳೆ ಫ್ಯಾಕ್ಟರಿಯಲ್ಲಿ ಚಮಚ ಮಾಡುವ ವಿಭಾಗಕ್ಕೆ ಸೇರಿದ ಹುಡುಗ. ಆಮೇಲೆ ಪಾದ್ರಿಯಾಗಲು ಗುರುಮಠಕ್ಕೆ ಓದಲು ಹೋದರು. ಓದುತ್ತಿದ್ದಾಗ 1873ರಲ್ಲಿ ತಂದೆ ತೀರಿಕೊಂಡರು. ಓದು ಬಿಟ್ಟು ಮನೆಗೆ ಬರಬೇಕಾಯಿತು. ದುಡಿಯುವ ಗಂಡಸು ಹೋದರೆ ಒಂದು ಮನೆ ಏನಾಗುತ್ತೆ ಅನ್ನೋದನ್ನು ಅವರು ಪುಸ್ತಕದಲ್ಲಿ ಓದಿ ತಿಳಿದವರಲ್ಲ.

ಪಾದ್ರಿಯಾದ ಮೇಲೂ ಅದನ್ನೇ ಕಂಡರು. ಅಪ್ಪ ಸತ್ತರೆ, ಮಕ್ಕಳನ್ನು ನೋಡಿಕೊಳ್ಳಲು ದುಡ್ಡಿದೆ ಎಂದು ಕೋರ್ಟಿಗೆ ತೋರಿಸಬೇಕಿತ್ತು. ತೋರಿಸಲಾಗದಿದ್ದರೆ ಮಕ್ಕಳನ್ನು ತಾಯಿಯಿಂದ ಬಿಡಿಸಿ ಕರೆದೊಯ್ಯಬಹುದಿತ್ತು. ಅಂಥ ಒಬ್ಬ ಹುಡುಗನಿಗಾಗಿ ಮೆಕ್‌ಗಿವ್ನಿ ತಾವೇ ಕೋರ್ಟಿನಲ್ಲಿ ನಿಂತು ಜವಾಬ್ದಾರಿ ಹೊತ್ತರು. ನಮ್ಮ ಕಡೆ ಸಾವಾದ ಮನೆಗೆ ಬೀದಿಯವರೆಲ್ಲ ಕೈಲಾದಷ್ಟು ಸೇರಿಸಿ ಕೊಡ್ತೀವಲ್ಲ, ಅದೇ ಕೆಲಸವನ್ನು ಅವರು ಲೆಕ್ಕ ಇಟ್ಟು, ವಿಮೆ ಮಾಡಿ, ಗಟ್ಟಿಯಾಗಿ ಮಾಡಿದರು. ಸದಸ್ಯ ಸತ್ತರೆ ಹೆಂಡತಿ ಮಕ್ಕಳಿಗೆ ಹಣ ಹೋಗಬೇಕು. ಆ ಸಂಘ ಹುಟ್ಟಿದ್ದು ಇದಕ್ಕೆ. ಕತ್ತಿ, ಕೋಟು ಬಂದದ್ದು ಆಮೇಲೆ. ಮೆಕ್‌ಗಿವ್ನಿ 38ನೆಯ ವಯಸ್ಸಿಗೇ, 1890ರಲ್ಲಿ, ಕಾಯಿಲೆಯಿಂದ ತೀರಿಕೊಂಡರು. 2020ರ ಅಕ್ಟೋಬರ್ 31ರಂದು ಕ್ಯಾಥೋಲಿಕ್ ಧರ್ಮಸಭೆ ಅವರನ್ನು ‘ಪುಣ್ಯವಂತ’ರೆಂದು ಸಾರಿತು. ಸಂತ ಪದವಿಗೆ ಒಂದು ಮೆಟ್ಟಿಲು ಕೆಳಗಿನ ಗೌರವ ಅದು. ಇವತ್ತು ಆ ಸಂಘದಲ್ಲಿ ಇಪ್ಪತ್ತು ಲಕ್ಷಕ್ಕೂ ಜಾಸ್ತಿ ಗಂಡಸರಿದ್ದಾರೆ.

ಹದಿನೆಂಟು ತುಂಬಿದ, ಧರ್ಮ ಪಾಲಿಸುವ ಕ್ಯಾಥೋಲಿಕ್ ಗಂಡಸರು ಅದರ ಸದಸ್ಯರಾಗಬಹುದು. ಆದರೆ ಅದರ ಉಸಿರಿರುವುದು ಕೌನ್ಸಿಲ್ ಎಂಬ ಸ್ಥಳೀಯ ಘಟಕದಲ್ಲಿ. ಅಕ್ಕಪಕ್ಕದ ಗಂಡಸರು ಒಂದೆಡೆ ಸೇರಿ ಮಾಡುವ ಕೆಲಸ ಅದು. ಅಮೆರಿಕದ ಕೌನ್ಸಿಲ್ಲಿಗೆ ಮಂಡ್ಯದಲ್ಲಿ ಕೂತು ನೀವು ಹೆಸರು ಬರೆಸಿದಿರಿ ಅಂತಲೇ ಇಟ್ಟುಕೊಳ್ಳೋಣ. ಯಾರ ಜೊತೆ ಹೋಗ್ತೀರಿ? ಯಾರ ಮನೆಗೆ? ಹಾಗಾಗಿ ಆ ಆಸೆಯನ್ನು ಸದ್ಯಕ್ಕೆ ಪಕ್ಕಕ್ಕಿಡಿ ಅನ್ನುತ್ತೇನೆ.

ಈಗ ನೀವು ಮೂಗು ಮುರಿದ ಸಭೆಗೆ ಬರೋಣ. ‘ಅದರಲ್ಲಿ ಇರೋರೆಲ್ಲ ರಿಟೈರ್ ಆದವರು’ ಎಂದು ಬರೆದಿದ್ದೀರಿ. ಅದನ್ನು ಹುಟ್ಟಿಸಿದವರು ಕಾಲೇಜು ಹುಡುಗರು ಅಂತ ನಿಮಗೆ ಗೊತ್ತಾ? ಪ್ಯಾರಿಸ್, 1833. ಹಿಂದಿನ ವರ್ಷವಷ್ಟೇ ಆ ಊರಲ್ಲಿ ಕಾಲರಾ ಬಂದು ಸಾವಿರಾರು ಜನ ಸತ್ತಿದ್ದರು. ಫ್ರೆಡರಿಕ್ ಓಜನಾಮ್ ಎಂಬ ಕಾನೂನು ವಿದ್ಯಾರ್ಥಿ ಚರ್ಚಾಕೂಟದಲ್ಲಿ ಧರ್ಮದ ಪರವಾಗಿ ವಾದ ಮಾಡುತ್ತಿದ್ದ. ಎದುರಿನವರು ಒಂದು ಪ್ರಶ್ನೆ ಎಸೆದರು. ಹಿಂದಿನ ಕಾಲದ್ದು ಸರಿ, ಈಗ ನೀವು ಬಡವರಿಗೆ ಏನು ಮಾಡ್ತಿದ್ದೀರಿ ಅಂತ. ಆ ಮಾತು ಅವನಿಗೆ ನಾಟಿತು. ಏಪ್ರಿಲ್ 23ರಂದು, ಅವನಿಗೆ ಇಪ್ಪತ್ತು ತುಂಬಿದ ದಿನವೇ, ಕೆಲವು ಗೆಳೆಯರು ಒಟ್ಟಾಗಿ ಸಭೆ ಶುರು ಮಾಡಿದರು. ಏನು ಮಾಡಬೇಕು ಅಂತ ಹುಡುಗರಿಗೆ ತಿಳಿಯದು. ಬಡವರ ಕೇರಿಯಲ್ಲಿ ದುಡಿಯುತ್ತಿದ್ದ ರೋಸಲಿ ರೆಂಡು ಎಂಬ ಸಿಸ್ಟರ್ ಬಳಿ ಹೋದರು. ಅವರು ಮನೆಗಳ ಪಟ್ಟಿ ಕೊಟ್ಟು, ಹೇಗೆ ಹೋಗಬೇಕು, ಹೇಗೆ ಕೂರಬೇಕು, ಹೇಗೆ ಮಾತಾಡಬೇಕು ಅಂತ ಕಲಿಸಿದರು. ಅದೇ ಸಭೆ ಇವತ್ತು ಸುಮಾರು 150 ದೇಶಗಳಲ್ಲಿದೆ. ಅಂದ ಹಾಗೆ, ಈಗ ಅದರಲ್ಲಿ ಹೆಂಗಸರೂ ಸದಸ್ಯರು.

ನಾನು ಸೇರಿದಾಗ ನನಗೆ 27. ಮೈಸೂರಿನಲ್ಲಿ, ಅಶೋಕ ರಸ್ತೆಯ ಫಿಲೋಮಿನಾ ಚರ್ಚಿಗೆ ಅಷ್ಟೇನೂ ದೂರವಲ್ಲದ ಬೀದಿಯಲ್ಲಿ ಮನೆ. ಮೊದಲ ಸಭೆಯಲ್ಲಿ ಪ್ರಾರ್ಥನೆ ಆಯಿತು, ಹೋದ ವಾರದ ವರದಿ ಓದಿದರು. ಆಮೇಲೆ ಒಂದು ಬಟ್ಟೆಯ ಚೀಲ ಕೈಯಿಂದ ಕೈಗೆ ಬಂತು. ಒಬ್ಬೊಬ್ಬರೂ ಮುಷ್ಟಿ ಕಟ್ಟಿ ಕೈ ಒಳಗೆ ಹಾಕಿದರು, ಮುಷ್ಟಿ ಕಟ್ಟಿಯೇ ಹೊರಗೆ ತೆಗೆದರು. ಯಾರು ನೂರು ಹಾಕಿದರು, ಯಾರು ಬರಿಗೈ ಆಡಿಸಿದರು, ಯಾರಿಗೂ ಗೊತ್ತಾಗದು. ಅವತ್ತು ತಿಂಗಳ ಕೊನೆ. ನನ್ನ ಜೇಬಿನಲ್ಲಿ ಬಸ್ ಚಾರ್ಜು ಬಿಟ್ಟರೆ ಏನೂ ಇರಲಿಲ್ಲ. ಖಾಲಿ ಮುಷ್ಟಿಯನ್ನೇ ಹಾಕಿ ತೆಗೆದೆ. ತಲೆ ತಗ್ಗಿಸಬೇಕಾಗಲಿಲ್ಲ. ನಿಮ್ಮ ಇಎಂಐ ಬಗ್ಗೆಯೂ ಬರೆದಿದ್ದೀರಲ್ಲ, ಅದಕ್ಕೇ ಇದನ್ನು ಹೇಳಿದೆ.

ಸಭೆಯವರು ಮನೆಗಳಿಗೆ ಇಬ್ಬಿಬ್ಬರಾಗಿ ಹೋಗುತ್ತಾರೆ. ನನ್ನ ಜೊತೆಗಾರರು ರೈಲ್ವೆ ವರ್ಕ್‌ಶಾಪಿನಲ್ಲಿ ದುಡಿದು ನಿವೃತ್ತರಾದವರು. ಮೊದಲ ಮನೆ ಒಬ್ಬ ಅಜ್ಜಿಯದು. ಅಗರಬತ್ತಿ ಹೊಸೆಯುತ್ತಿದ್ದರು. ಮುಂದೆ ಗಿಡ್ಡ ಮಣೆ, ಪಕ್ಕದಲ್ಲಿ ಕರಿ ಹಿಟ್ಟಿನ ಉಂಡೆ, ಬಿದಿರು ಕಡ್ಡಿಯ ಕಟ್ಟು. ಅಂಗೈ ಪೂರ್ತಿ ಕಪ್ಪು. ಸಾವಿರ ಕಡ್ಡಿಗೆ ಇಷ್ಟು ಅಂತ ಕೂಲಿ, ಹಾಗಾಗಿ ಕೈ ನಿಲ್ಲಿಸುವಂತಿಲ್ಲ. ಮೊಣಕೈಯಲ್ಲೇ ಚಾಪೆ ತೋರಿಸಿ, “ಅಕ್ಕಿ ಮೂಲೇಲಿ ಇಡಪ್ಪ, ಕೂತ್ಕೊ” ಅಂದರು. ನಾನು ಚೀಲ ಇಟ್ಟು ನಿಂತೇ ಇದ್ದೆ. ನನ್ನ ಲೆಕ್ಕದಲ್ಲಿ ಕೆಲಸ ಮುಗಿದಿತ್ತು. ಜೊತೆಗಾರರು ನನ್ನ ತೋಳು ಹಿಡಿದು ಕೂರಿಸಿದರು. ಮುಕ್ಕಾಲು ಗಂಟೆ ಕೂತೆವು. ಮಗ ಊರು ಬಿಟ್ಟು ಹೋದದ್ದು, ಮಂಡಿ ನೋವು, ಪಕ್ಕದ ಮನೆಯ ನಲ್ಲಿ ಜಗಳ, ಎಲ್ಲ ಬಂತು.

ಮುಂದಿನ ವಾರ ನಾನು ಹೋಗಲಿಲ್ಲ. ಕೆಲಸವೇನೂ ಇರಲಿಲ್ಲ, ಸುಮ್ನೆ ಹೋಗಲಿಲ್ಲ. ಅದರ ಮುಂದಿನ ವಾರ ಹೋದಾಗ ಅಜ್ಜಿ ಅಕ್ಕಿ ಚೀಲದ ಕಡೆ ನೋಡಲೇ ಇಲ್ಲ. “ಹೋದ ವಾರ ನಿಂಗೂ ಅಂತ ಬನ್ನು ತರಿಸಿದ್ದೆ ಕಣಪ್ಪ, ಇರುವೆ ಮುತ್ಕೊಂಡ್ತು” ಅಂದರು. ಸಾವಿರ ಕಡ್ಡಿ ಹೊಸೆದರೆ ಸಿಗುವ ಕೂಲಿಯಲ್ಲಿ ನನಗೊಂದು ಬನ್ನು. ಇವತ್ತಿಗೂ ಬೇಕರಿ ಮುಂದೆ ಹೋಗುವಾಗ ಆ ಮಾತು ಕಿವಿಗೆ ಬೀಳುತ್ತೆ. ಆಮೇಲೆ ನಾನು ವಾರ ತಪ್ಪಿಸಿದ್ದು ಕಡಿಮೆ.

ಐದು ಕೆಜಿ ಅಕ್ಕಿ ಬಗ್ಗೆ ನೀವು ಹೇಳಿದ್ದರಲ್ಲಿ ಒಂದು ನಿಜವಿದೆ. ಈಗ ಅಕ್ಕಿ ರೇಷನ್ ಅಂಗಡಿಯಲ್ಲೂ ಸಿಗುತ್ತೆ. ಕಷ್ಟ ಬೇರೆ ಕಡೆ ಇದೆ. ಕಬ್ಬು ಕಡಿದು, ಗದ್ದೆಯಲ್ಲಿ ನಾಟಿ ಹಾಕಿ ಬೆರಳ ಗೆರೆ ಸವೆದಿರುತ್ತೆ, ಮಿಷನ್ನು ಹೆಬ್ಬೆಟ್ಟು ತಗೊಳ್ಳಲ್ಲ. ವಿಧವಾ ವೇತನ ನಿಂತು ಆರು ತಿಂಗಳಾಗಿರುತ್ತೆ, ಯಾಕೆ ಅಂತ ಆ ತಾಯಿಗೆ ಗೊತ್ತಿರಲ್ಲ. ವಿಚಾರಿಸಿದರೆ ಖಾತೆಗೆ ಆಧಾರ್ ಜೋಡಣೆ ಆಗಿರಲ್ಲ, ಇಲ್ಲಾ ಬ್ಯಾಂಕು ಇನ್ನೊಂದು ಬ್ಯಾಂಕಿಗೆ ಸೇರಿ ಐಎಫ್‌ಎಸ್‌ಸಿ ಬದಲಾಗಿರುತ್ತೆ. ದೊಡ್ಡಾಸ್ಪತ್ರೆಗೆ ಹೋದರೆ ಯಾವ ಕೌಂಟರಿನಲ್ಲಿ ಚೀಟಿ, ಯಾವ ಕೋಣೆಯಲ್ಲಿ ಸ್ಕ್ಯಾನ್, ಆಯುಷ್ಮಾನ್ ಕಾರ್ಡು ಎಲ್ಲಿ ತೋರಿಸಬೇಕು, ಹೇಳುವವರಿಲ್ಲ. ನಿಮ್ಮ ಸಭೆಯ ಹಿರಿಯರಿಗೆ ಮನೆಗಳು ಗೊತ್ತು, ಮನೆಯವರ ಮನಸ್ಸು ಗೊತ್ತು. ಫೋನಿನಲ್ಲಿ ಅರ್ಜಿ ತುಂಬಲು ಕಣ್ಣು ಕಾಣಿಸಲ್ಲ, ನಾಡಕಚೇರಿಯ ಸಾಲಿನಲ್ಲಿ ನಿಲ್ಲಲು ಕಾಲು ಬರಲ್ಲ. ನೀವು ಲೆಕ್ಕ ಬರೆಯುವವರು. ಪಾಸ್‌ಬುಕ್ ನೋಡಿದ ಕೂಡಲೇ ಎಲ್ಲಿ ತಪ್ಪಿದೆ ಅಂತ ನಿಮಗೆ ಹೊಳೆಯುತ್ತೆ. ಆ ಸಭೆಗೆ ಬೇಕಾಗಿರೋದು ನಿಮ್ಮಂಥವರೇ ಅಲ್ವಾ?

ಎರಡು ವಿಷಯದಲ್ಲಿ ಮಾತ್ರ ಹುಷಾರಾಗಿರಿ. ನಾನು ನೋಡಿದ ಒಂದು ಕಡೆ, ಯಾವ ಊರು ಅನ್ನೋದು ಬೇಡ, ಸೀರೆ ಹಂಚುವಾಗ ಬ್ಯಾನರ್ ಕಟ್ಟಿ ಫೋಟೊ ತೆಗೆದರು. ಒಬ್ಬ ಹೆಣ್ಣುಮಗಳು ಒಂದು ಕೈಯಲ್ಲಿ ಸೀರೆ ತಗೊಂಡು, ಇನ್ನೊಂದು ಕೈಯಲ್ಲಿ ಸೆರಗು ಮುಖಕ್ಕೆ ಎಳೆದುಕೊಂಡರು. ಆ ಫೋಟೊ ಊರಿನ ವಾಟ್ಸಾಪ್ ಗುಂಪುಗಳಲ್ಲೆಲ್ಲ ಓಡಾಡಿತು. ಅವರ ಮಗಳು ಓದುವ ಶಾಲೆಯ ಗುಂಪಿನಲ್ಲೂ. ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯದಿರಲಿ ಅಂತ ಯೇಸು ಹೇಳಿದ್ದು ಇಂಥದ್ದಕ್ಕೇ. ನಿಮ್ಮಲ್ಲಿ ಯಾರಾದರೂ ಫೋನ್ ಎತ್ತಿದರೆ ಅಣ್ಣ, ಬೇಡ ಅನ್ನಿ. ಇನ್ನೊಂದು, ಮನೆಯ ಬಾಗಿಲಲ್ಲಿ ಜಾತಿ, ಮತ ಕೇಳಬೇಡಿ. ಕಷ್ಟದಲ್ಲಿರುವ ಯಾರ ಮನೆಗಾದರೂ ಹೋಗಬಹುದು ಅನ್ನೋದು ಆ ಸಭೆಯ ನಿಯಮದಲ್ಲೇ ಇದೆ. ಹೋದ ಮನೆಯಲ್ಲಿ ಉಪದೇಶ ಬೇಡ. ಅವರು ಕೇಳಿದರೆ ಮಾತ್ರ ಪ್ರಾರ್ಥನೆ.

ಇನ್ನು ನಿಮ್ಮ ಮನೆಯವರ ಮುನಿಸು. ಅದರಲ್ಲಿ ತಪ್ಪೇನಿಲ್ಲ. ವಾರವೆಲ್ಲ ಕಂಪನಿ, ಭಾನುವಾರ ಸಂಘ ಅಂದರೆ ಯಾರಿಗಾದರೂ ಬೇಜಾರೇ. ಓಜನಾಮ್ ಕೂಡ ಸಂಸಾರಿ. 1841ರ ಜೂನ್ 23ರಂದು ಅಮೆಲಿ ಎಂಬುವರನ್ನು ಮದುವೆಯಾದರು. ಆಮೇಲೆ ಪ್ರತಿ ತಿಂಗಳ 23ರಂದು ಹೆಂಡತಿಗೆ ಹೂವು ಕೊಡುತ್ತಿದ್ದರಂತೆ. ಪಾಠ ಹೇಳುವ ಕೆಲಸ, ಪುಟ್ಟ ಮಗಳು, ಮೈಗೆ ಆಗಾಗ ಹುಷಾರಿಲ್ಲ, ಇಷ್ಟರ ನಡುವೆ ಸಭೆ. ನಲವತ್ತಕ್ಕೇ ತೀರಿಕೊಂಡರು. ನೀವು ಮನೆಯವರಿಗೆ ಹೀಗೆ ಹೇಳಿ ನೋಡಿ: ವಾರಕ್ಕೆ ಎರಡು ಗಂಟೆ, ಅದಕ್ಕಿಂತ ಜಾಸ್ತಿ ಇಲ್ಲ. ಪದಾಧಿಕಾರಿ ಆಗಲ್ಲ, ಕಮಿಟಿ ಮೀಟಿಂಗಿಗೆ ಹೋಗಲ್ಲ. ಒಂದು ಸಲ ಅವರನ್ನೂ ಕರೆದುಕೊಂಡು ಹೋಗಿ. ಹೆಂಗಸರಿರುವ ಮನೆಯಲ್ಲಿ ನಿಮಗೆ ಹೇಳದ ಮಾತನ್ನು ಅವರಿಗೆ ಹೇಳುತ್ತಾರೆ. ಆ ಮೇಲೂ ಬೇಡ ಅಂದರೆ ಮೂರು ತಿಂಗಳು ನಿಲ್ಲಿ, ಒತ್ತಾಯ ಬೇಡ.

ಜೂನ್ 13ಕ್ಕೆ ದೋರನಹಳ್ಳಿಯ ಸಂತ ಅಂತೋಣಿಯವರ ಹಬ್ಬಕ್ಕೆ ನೀವೂ ಹೋಗಿರುತ್ತೀರಿ. ಅಲ್ಲಿ ನಮ್ಮ ಜನ ಹರಕೆ ಅಂತ ಎಷ್ಟು ಧಾರಾಳವಾಗಿ ಕೊಡುತ್ತಾರೆ ನೋಡಿದ್ದೀರಿ. ಕೊಡುವ ಮನಸ್ಸಿಗೆ ನಮ್ಮಲ್ಲಿ ಬರವಿಲ್ಲ. ಅದೇ ಮನೆಗೆ ಮುಂದಿನ ವಾರವೂ ಹೋಗುವ ಕಾಲುಗಳು ಕಡಿಮೆ.

ಭಾವನಿಗೂ ಫೋನ್ ಮಾಡಿ. ಕತ್ತಿ ಬಿಚ್ಚಿಟ್ಟ ಮೇಲೆ ನಿಮ್ಮ ಕೌನ್ಸಿಲ್ಲಿನವರು ಏನು ಮಾಡ್ತೀರಿ ಅಂತ ಕೇಳಿ. ಚಳಿಗಾಲದಲ್ಲಿ ಬಡ ಮಕ್ಕಳಿಗೆ ಕೋಟು ಹಂಚುವುದು ಆ ಸಂಘದ ಕೆಲಸಗಳಲ್ಲಿ ಒಂದು. ಅವರ ಹತ್ತಿರ ಹೇಳಲು ಬೇಕಾದಷ್ಟು ಇರುತ್ತೆ.

ಈ ಭಾನುವಾರ ಮೊದಲ ಪೂಜೆ ಮುಗಿದ ಮೇಲೆ ಹೊರಡಬೇಡಿ. ರಿಜಿಸ್ಟರ್ ಹಿಡಿದುಕೊಂಡು ಬರುವ ಹಿರಿಯರು ಯಾರು ಅಂತ ನಿಮಗೆ ಗೊತ್ತೇ ಇದೆ. ಸದಸ್ಯತ್ವದ ಮಾತು ಎತ್ತಬೇಡಿ. “ಈ ವಾರ ಯಾರ ಮನೆಗೆ ಹೋಗ್ತಿದ್ದೀರಿ, ನಾನೂ ಬರಲಾ?” ಅಂತ ಕೇಳಿ, ಸಾಕು.

ಎರಡು ತಿಂಗಳು ಬಿಟ್ಟು ನನಗೆ ಇನ್ನೊಂದು ಪತ್ರ ಬರೆಯಿರಿ. ಯಾರ ಮನೆಗೆ ಹೋದಿರಿ, ಏನು ಕೊಟ್ಟಿರಿ ಅನ್ನೋದೆಲ್ಲ ಬೇಡ. ಅವರು ನಿಮಗೆ ಏನು ಕೊಟ್ಟು ಕೂರಿಸಿದರು, ಅದನ್ನು ಬರೆಯಿರಿ.

ಸಂಪಾದಕ